ಔಷಧಿಗೂ ಒಂದು ಕರಡಿಗೆ ಇರಲಿ

ಶ್ರೀ ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಕಾಲ್ನಡಿಗೆಯಲ್ಲಿ ಬರುವ ಭಕ್ತರನ್ನು ನಾವು ಹಲವು ವರ್ಷಗಳಿಂದ ಕಾಣುತ್ತ ಬಂದಿದ್ದೇವೆ. ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಗಳಿಂದ ಹೆಗಲಿಗೆ ಚೀಲ ಹಾಕಿಕೊಂಡು ಬರುವ ಇವರ ಬೊಬ್ಬೆಯೆದ್ದ ಪಾದಗಳಿಗೆ ಔಷಧ ಹಚ್ಚುವ ಸೇವೆ ನಮಗೂ ದೊರೆತಿದೆ. ಒಮ್ಮೆ ಹಿರಿಯರೊಬ್ಬರು ಕಾಲು ಚಾಚದೆ ಚೀಲವನ್ನೇ ನಮ್ಮ ಮುಂದಿಟ್ಟರು. ಒಳಗಿನ ಪಂಚೆ ತೊಯ್ದು ಗಾಜಿನ ಚೂರು ಅಂಟಿಕೊಂಡಿತ್ತು. ಇನ್ಸುಲಿನ್ ಸೀಸೆ ಒಡೆದಿತ್ತು. ಎರಡು ಹೊತ್ತಿನ ಔಷಧಿ ಆಗಲೇ ತಪ್ಪಿತ್ತು. “ಇರ್ಲಿ ಬಿಡ್ರಿ, ಸ್ವಾಮಿ ನೋಡ್ಕೊಳ್ತಾನ” ಎಂದರು. ಬೇರೆ ಸೀಸೆ ತರಿಸಿಕೊಟ್ಟ ಮೇಲೆಯೇ ಅವರನ್ನು ಮುಂದೆ ಕಳುಹಿಸಿದೆವು.

ಸ್ವಾಮಿ ಕಾಯುವನೆಂಬ ನಂಬಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು ಧರಿಸುವ ಪರಂಪರೆ ನಮ್ಮದು. ಅಮೂಲ್ಯವಾದುದನ್ನು ಜೋಪಾನ ಮಾಡಬೇಕೆಂಬ ಪಾಠ ನಮಗೆ ಬಾಲ್ಯದಲ್ಲಿಯೇ ದೊರೆತಿದೆ. ಆ ಲಿಂಗವನ್ನು ಧರಿಸುವ ದೇಹವನ್ನು ಕಾಪಾಡುವ ಔಷಧಿಯನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತುರುಕುವುದು ಸರಿಯೇ?

ಆಯುರ್ವೇದ ವೈದ್ಯರಾದ ನಾವು ಇನ್ಸುಲಿನ್ ಕುರಿತು ಬರೆಯುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಔಷಧವನ್ನು ಕಾಪಾಡುವ ಧರ್ಮಕ್ಕೆ ಪದ್ಧತಿಯ ಭೇದವಿಲ್ಲ. ಔಷಧಿಗಳನ್ನು ಬೆಂಕಿ, ನೀರು, ತೇವ, ಹೊಗೆ, ಧೂಳು, ಇಲಿಗಳು ತಾಗದ ಕೋಣೆಯಲ್ಲಿ, ಮುಚ್ಚಿದ ಪಾತ್ರೆಗಳಲ್ಲಿಟ್ಟು ನೆಲುವಿಗೆ ತೂಗುಹಾಕಬೇಕೆಂದು ಚರಕ ಸಂಹಿತೆಯ ಕಲ್ಪಸ್ಥಾನ ವಿಧಿಸುತ್ತದೆ. ಚೂರ್ಣದ ವೀರ್ಯ 2 ತಿಂಗಳು, ಗುಟಿಕೆಯದು 1 ವರ್ಷವೆಂದು ಶಾರ್ಙ್ಗಧರ ಸಂಹಿತೆ ಅವಧಿಯನ್ನೇ ಗೊತ್ತುಪಡಿಸಿದೆ. ವೀರ್ಯ ಕಳೆದ ಔಷಧಿ ಸೇವಿಸಿದರೂ ಸೇವಿಸದಂತೆಯೇ.

ಇನ್ಸುಲಿನ್‌ಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅದು ಪ್ರೋಟೀನು, ಅತಿಯಾದ ಬಿಸಿಲಿಗೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಳಸಲಾರಂಭಿಸಿದ ಸೀಸೆ ಸಾಮಾನ್ಯವಾಗಿ 25–30 ಡಿಗ್ರಿಯೊಳಗೆ ಸುಮಾರು 4 ವಾರ ಬಾಳುತ್ತದೆ. ನಿಖರ ಅವಧಿಯನ್ನು ಜೊತೆಯ ಚೀಟಿಯಲ್ಲಿ ನೋಡಿಕೊಳ್ಳಬೇಕು. ನಮ್ಮ ಸೀಮೆಯ ಬೇಸಿಗೆಯಾದರೋ 40 ಡಿಗ್ರಿಯ ಹತ್ತಿರ ಸುಳಿಯುತ್ತದೆ. ಬಿಸಿಲಿಗೆ ಕೆಟ್ಟ ಇನ್ಸುಲಿನ್ ಎಷ್ಟೋ ಸಲ ನೋಡಲು ಮೊದಲಿನಂತೆಯೇ ಇರುತ್ತದೆ. ರೋಗಿ ತಪ್ಪದೆ ಚುಚ್ಚಿಕೊಳ್ಳುತ್ತಾನೆ, ಸಕ್ಕರೆ ಇಳಿಯುವುದಿಲ್ಲ. ಕೊನೆಗೆ ಔಷಧಿಯ ಮೇಲಿನ ಭರವಸೆಯನ್ನೇ ಕಳೆದುಕೊಂಡು ಯಾರೋ ಹೇಳಿದ ಬೇರು ಕುದಿಸಿ ಕುಡಿಯತೊಡಗುತ್ತಾನೆ. ಬಾಲ್ಯದಲ್ಲಿಯೇ ಬರುವ ಮೊದಲ ಬಗೆಯ ಮಧುಮೇಹದಲ್ಲಿ ಕೆಲವೇ ದಿನ ಇನ್ಸುಲಿನ್ ತಪ್ಪಿದರೂ ಮಗುವಿನ ಪ್ರಾಣಕ್ಕೆ ಅಪಾಯ. ಅಂಥವರು ಕಷಾಯವನ್ನು ನೆಚ್ಚಿ ಇನ್ಸುಲಿನ್ ಬಿಡಲೇಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಕಾಪಾಡಲು ದೊಡ್ಡ ಖರ್ಚೇನೂ ಬೇಡ. ಹಳೆಯ ಕನ್ನಡಕದ ಗಟ್ಟಿ ಡಬ್ಬಿಯೇ ಸಾಕು. ಒಳಗೆ ಅರಳೆ ಇಲ್ಲವೆ ಮೆತ್ತನೆಯ ಬಟ್ಟೆ ಹಾಸಿ, ಸೀಸೆ ಅಲುಗಾಡದಂತೆ ಇಡಬೇಕು. ಎರಡು ಸೀಸೆಗಳಿದ್ದರೆ ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆಯಿರಲಿ. 10 ಮಿಲಿಲೀಟರಿನ ಒಂದು ಸೀಸೆಯಲ್ಲಿ, ನಮ್ಮಲ್ಲಿ ಬಳಕೆಯಲ್ಲಿರುವ 40 ಯೂನಿಟ್ ಬಗೆಯದಾದರೆ, 400 ಯೂನಿಟ್ ಇರುತ್ತದೆ. ದಿನಕ್ಕೆ 20 ಯೂನಿಟ್ ಬೇಕಾದವರಿಗೆ ಅದು 20 ದಿನದ ಔಷಧಿ. ಒಮ್ಮೆ ಕೈಜಾರಿದರೆ ಅಷ್ಟೂ ಮಣ್ಣುಪಾಲು. ಅಂಗಡಿಯಿಂದ ತರುವಾಗ ಮಂಜುಗಡ್ಡೆ ಸೀಸೆಗೆ ನೇರವಾಗಿ ತಾಗಬಾರದು. ಮನೆಯ ಫ್ರಿಜ್ಜಿನಲ್ಲಿಯೂ ಮಂಜುಗಟ್ಟುವ ಖಾನೆಯಲ್ಲಿಡಬಾರದು.

ಫ್ರಿಜ್ ಇಲ್ಲದ ಮನೆಗಳಿಗೆ ಮಣ್ಣಿನ ಗಡಿಗೆಯಿದೆ. ದೊಡ್ಡ ಗಡಿಗೆಯಲ್ಲಿ ಮರಳು ತುಂಬಿ, ನಡುವೆ ಚಿಕ್ಕ ಗಡಿಗೆ ಕೂರಿಸಿ, ಮರಳಿಗೆ ದಿನಕ್ಕೆರಡು ಬಾರಿ ನೀರು ಹನಿಸಬೇಕು. ನೀರು ಒಳಸೇರದ ಡಬ್ಬಿಯಲ್ಲಿ ಸೀಸೆಯನ್ನು ಹಾಕಿ ಒಳಗಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ, ಗಾಳಿಯಾಡುವೆಡೆ ಇಡಬೇಕು. ಒಣಹವೆಯ ನಮ್ಮ ನಾಡಿನಲ್ಲಿ ಇದು ಚೆನ್ನಾಗಿ ತಂಪೀಯುತ್ತದೆ. ಮಲ್ಲಿಗೆ ಬೆಳೆಯುವ ಹಡಗಲಿಯವರಿಗೆ ಒದ್ದೆ ಬಟ್ಟೆಯ ತಂಪಿನ ಬೆಲೆ ಹೇಳಿಕೊಡಬೇಕಾಗಿಲ್ಲ. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಹಾಗೂ ಜಿನೀವಾ ವಿಶ್ವವಿದ್ಯಾಲಯ ಕೆನ್ಯಾದ ನಿರಾಶ್ರಿತರ ಶಿಬಿರದ ಹವೆಯನ್ನು ಅನುಸರಿಸಿ ನಡೆಸಿದ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ತಾಪದಲ್ಲಿ 4 ವಾರ ಇಟ್ಟ ಇನ್ಸುಲಿನ್ ತನ್ನ ಸತ್ವವನ್ನು ಉಳಿಸಿಕೊಂಡಿತ್ತು. ಆದ್ದರಿಂದ ಫ್ರಿಜ್ ಇಲ್ಲವೆಂದು ಎದೆಗುಂದಬೇಕಾಗಿಲ್ಲ. ಫ್ರಿಜ್ ಇದ್ದವರು ಅದನ್ನು ಬಿಡಲೂ ಬೇಕಾಗಿಲ್ಲ.

ಕೊನೆಯದಾಗಿ ನಮ್ಮದೊಂದು ಅರಿಕೆ. ಪಾದಯಾತ್ರಿಗಳಿಗಾಗಿ ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ ನೀಡುವ ದಾಸೋಹಿಗಳು ಪ್ರತಿ ತಂಗುದಾಣದಲ್ಲಿಯೂ ಇಂಥದೊಂದು ತಂಪುಗಡಿಗೆ ಇರಿಸಲಿ. ಔಷಧಿಯ ಡಬ್ಬಿಗಳ ಮೇಲೆ ಭಕ್ತರ ಹೆಸರು ಬರೆದು ರಾತ್ರಿ ಕಾಯ್ದಿಟ್ಟು, ಬೆಳಗ್ಗೆ ಮರಳಿಸಲಿ. ಇದೂ ದಾಸೋಹವೇ. ವೈದ್ಯಬಂಧುಗಳು “ಎಷ್ಟು ಯೂನಿಟ್ ತೆಗೆದುಕೊಳ್ಳುತ್ತೀರಿ?” ಎಂದು ಕೇಳುವುದರ ಜೊತೆಗೆ “ಎಲ್ಲಿಡುತ್ತೀರಿ?” ಎಂದೂ ಕೇಳಲಿ. ಮುಂದಿನ ತೇರಿಗೆ ಹೊರಡುವ ಭಕ್ತರು ಚೀಲ ಕಟ್ಟುವಾಗ ವಿಭೂತಿಯ ಪಕ್ಕದಲ್ಲಿ ಆ ಪುಟ್ಟ ಡಬ್ಬಿಗೂ ಸ್ಥಳ ಕೊಡಲಿ.