ಶೆಟ್ಟಿಹಳ್ಳಿ ಚರ್ಚ್ ತೇಲುತ್ತಿಲ್ಲ, ಮುಳುಗಿಸಿದ್ದೇವೆ

ಮಳೆಗಾಲ ಬಂತೆಂದರೆ ವಾಟ್ಸಾಪ್ ತುಂಬ ಅದೇ ಫೋಟೊ: ಹಾಸನದ ಹತ್ತಿರದ ಶೆಟ್ಟಿಹಳ್ಳಿಯಲ್ಲಿ ಅರ್ಧ ನೀರಿನಲ್ಲಿ ನಿಂತ ಚರ್ಚ್. ಕೆಳಗೆ ‘ತೇಲುವ ಚರ್ಚ್’ ಅಂತ ಬರಹ. ಅದು ತೇಲುತ್ತಿಲ್ಲ ಸ್ವಾಮಿ, ಅಣೆಕಟ್ಟು ಕಟ್ಟಿ ಮುಳುಗಿಸಿದ್ದು.

1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚ್ ಅದು. ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿಗೆ ಊರು ಎದ್ದು ಹೋಯಿತು, ಗೋಡೆ ಉಳಿಯಿತು.

ಫ್ರೆಂಚರು ಕಟ್ಟಿಸಿದ್ದು ಅಂದರೆ ಕಥೆ ಮುಗಿಯಿತೇ? ಅಲ್ಲಿ ಮದುವೆಯಾದವರು, ಮಕ್ಕಳಿಗೆ ಹೆಸರಿಟ್ಟವರು ನಮ್ಮಂಥ ಹಳ್ಳಿಯವರೇ. ರೀಲ್ಸ್ ಮಾಡುವವರು ಅವರ ಸುದ್ದಿ ಎತ್ತುವುದಿಲ್ಲ.

ದೇವನೂರಿನ ಲಕ್ಷ್ಮೀಕಾಂತ ದೇವಸ್ಥಾನ ತೋರಿಸುವಾಗ ಜೈಮಿನಿ ಭಾರತದ ಲಕ್ಷ್ಮೀಶನ ಹೆಸರು ಹೇಳದೆ ಬಿಡುತ್ತೇವೆಯೇ? ಶೆಟ್ಟಿಹಳ್ಳಿಯವರಿಗೂ ಆ ಮರ್ಯಾದೆ ಸಲ್ಲಬೇಕು. ಜ್ಞಾನಸ್ನಾನ, ಮದುವೆ, ಮರಣ ಮೂರನ್ನೂ ಪುಸ್ತಕದಲ್ಲಿ ಬರೆದಿಡುವುದು ಕ್ಯಾಥೊಲಿಕ್ ಚರ್ಚಿನ ನಿಯಮ. ಆ ಹೆಸರುಗಳನ್ನು ಹುಡುಕಲಿ, ಎದ್ದು ಹೋದ ಮನೆತನಗಳ ಹಿರಿಯರನ್ನು ಕೇಳಲಿ, ದಂಡೆಯ ಮೇಲೆ ಸರ್ಕಾರ ಒಂದು ಕಲ್ಲು ನೆಡಲಿ. ಗೋಡೆ ಬೀಳದಂತೆ ನೋಡಿಕೊಳ್ಳುವುದೂ ಅದರ ಜೊತೆಗೇ ಆಗಲಿ.

ಹೋದಾಗ ಫೋಟೊ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿದ್ದವರು ಯಾವ ಊರಿಗೆ ಹೋದರು ಅಂತ ಒಮ್ಮೆ ಕೇಳಿ ಬನ್ನಿ.