ತಂದೆಯರೇ, ಈ ಭಾನುವಾರ ಸ್ವಲ್ಪ ಮಲಗಿ

ಕಾರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳನ್ನೆಲ್ಲ ಒಬ್ಬನೇ ಎದುರಿಸಿ ನಿಂತವನು ಎಲೀಯ. ಅದೇ ಎಲೀಯ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಊರು ಬಿಟ್ಟ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಅಡವಿಯಲ್ಲಿ ಒಂದು ದಿನದ ದಾರಿ ನಡೆದ. ಜಾಲಿಗಿಡದ ಕೆಳಗೆ ಕುಳಿತು, ನನ್ನನ್ನು ಕರೆದುಕೊಂಡುಬಿಡು ಎಂದು ದೇವರನ್ನು ಬೇಡಿದ. ಹಾಗೆಯೇ ನಿದ್ದೆ ಹೋದ. ಒಂದನೇ ಅರಸುಗಳ ಪುಸ್ತಕದ 19ನೇ ಅಧ್ಯಾಯದಲ್ಲಿ ಇದೆಲ್ಲ ಇದೆ.

ದೇವರು ಅವನನ್ನು ಗದರಲಿಲ್ಲ. ದೂತನೊಬ್ಬ ಬಂದು ಮೈ ಮುಟ್ಟಿ ಎಬ್ಬಿಸಿದ. ತಲೆಯ ಬಳಿ ಕೆಂಡದಲ್ಲಿ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲವೂ ದೂತ ಬಂದು ಊಟಕ್ಕೆ ಎಬ್ಬಿಸಿದ. ಹೋರೇಬ್ ಬೆಟ್ಟದವರೆಗೆ 40 ದಿನ ನಡೆಯುವ ಶಕ್ತಿ ಬಂದದ್ದು ಆ ಊಟದಿಂದ. ದೇವರು ಅವನ ಸಂಕಟವನ್ನು ಕೇಳಿದ್ದು, ಮುಂದಿನ ಕೆಲಸ ಹೇಳಿದ್ದು ಆಮೇಲೆ.

ತಂದೆಯರೇ, ಈ ಕ್ರಮವನ್ನು ದಯವಿಟ್ಟು ಗಮನಿಸಿ. ಮೊದಲು ನಿದ್ದೆ ಮತ್ತು ಊಟ, ಮಾತು ನಂತರ. ನಮ್ಮ ಸಭೆಗಳಲ್ಲಿ ಇದು ಎಷ್ಟೋ ಸಲ ತಲೆಕೆಳಗಾಗುತ್ತದೆ. ದಣಿದು ಬಂದವರಿಗೆ ಮೊದಲು ವಚನ ಹೇಳುತ್ತೇವೆ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಉಪವಾಸ ಕೂಟಕ್ಕೆ ಕರೆಯುತ್ತೇವೆ. ಮನೆ ಸಾಲದ ಕಂತು, ಮಕ್ಕಳ ಫೀಸು, ಊರಲ್ಲಿರುವ ಅಮ್ಮನ ಔಷಧಿ, ಇವುಗಳ ಜೊತೆಗೆ ಚರ್ಚಿನ ಕಟ್ಟಡ ಸಮಿತಿಯ ಲೆಕ್ಕವೂ ನಿಮ್ಮ ತಲೆಯ ಮೇಲಿದೆ. ಇಷ್ಟು ಹೊತ್ತವರು ಸುಸ್ತಾಗುವುದು ಸಹಜ. ದಣಿವನ್ನು ನಂಬಿಕೆಯ ಕೊರತೆ ಎಂದು ನೀವು ಎಣಿಸಬೇಕಾಗಿಲ್ಲ.

ಪ್ರಾರ್ಥನೆಗೆ ಹೊತ್ತೆಲ್ಲಿ ಎನ್ನುತ್ತೀರಾ? ಕುವೈತಿನಲ್ಲಿ ದುಡಿಯುವ ನಮ್ಮ ಕರಾವಳಿಯ ತಂದೆಯರನ್ನು ನೋಡಿ. ಅಲ್ಲಿ ಶುಕ್ರವಾರ ರಜೆ, ಹಾಗಾಗಿ ವಾರದ ದೊಡ್ಡ ಆರಾಧನೆಯೂ ಶುಕ್ರವಾರವೇ. ಭಾನುವಾರ ಕೆಲಸದ ದಿನ. ಮಂಗಳೂರಿನ ಮನೆಯಲ್ಲಿ ರಾತ್ರಿ ಎಂಟಕ್ಕೆ ತೆರ್ಸ್, ಅಂದರೆ ಜಪಸರ, ಶುರುವಾಗುವಾಗ ಅಲ್ಲಿ ಸಂಜೆ ಐದೂವರೆ. ಕೆಲಸ ಬಿಟ್ಟು ಬರುವ ಬಸ್ಸಿನಲ್ಲೇ ಇಯರ್‌ಫೋನ್ ಸಿಕ್ಕಿಸಿಕೊಂಡು ತಂದೆ ಸೇರಿಕೊಳ್ಳುತ್ತಾರೆ. ಇಲ್ಲಿ ಯೇಸುವಿನ ಪಟದ ಪಕ್ಕ ಮೊಬೈಲ್ ಒರಗಿಸಿ ಇಟ್ಟಿರುತ್ತಾರೆ. ನೆಟ್‌ವರ್ಕ್ ಕೈಕೊಟ್ಟರೆ ಎಲ್ಲರ ‘ಆಮೆನ್’ ಮುಗಿದ ಮೇಲೆ ಅವರದೊಂದು ‘ಆಮೆನ್’ ಕೇಳುತ್ತದೆ. ಮಕ್ಕಳು ಕಿಸಕ್ಕನೆ ನಗುತ್ತಾರೆ. ಅದನ್ನೂ ಪ್ರಾರ್ಥನೆಗೇ ಸೇರಿಸಿಕೊಳ್ಳಿ ಎನ್ನುವವನು ನಾನು.

ಮನೆಯವರೊಡನೆ ಒಂದೇ ಸೂರಿನಡಿ ಇರುವ ನಿಮಗೆ ಇದು ಇನ್ನೂ ಸುಲಭ. ಹತ್ತು ನಿಮಿಷ ಸಾಕು. ಉದ್ದದ ಪ್ರಾರ್ಥನೆ ಬಾರದಿದ್ದರೆ ಚಿಂತೆಯಿಲ್ಲ. ‘ಸ್ವಾಮೀ, ಇವತ್ತು ತುಂಬಾ ಸುಸ್ತಾಗಿದೆ’ ಎಂದಷ್ಟೇ ಮಕ್ಕಳ ಮುಂದೆ ಹೇಳಿ. ಅಪ್ಪನೂ ಸೋಲುತ್ತಾರೆ, ಸೋತಾಗ ದೇವರಲ್ಲಿ ಹೇಳಿಕೊಳ್ಳುತ್ತಾರೆ ಎಂಬುದು ನಿಮ್ಮ ಗಂಡುಮಕ್ಕಳಿಗೆ ತಿಳಿಯಲಿ.

ಸಂತ ಜೋಸೆಫರ ಬಾಯಿಂದ ಶುಭಸಂದೇಶಗಳಲ್ಲಿ ಒಂದು ಮಾತೂ ಬಂದಿಲ್ಲ. ದೇವರ ಸೂಚನೆ ಅವರಿಗೆ ಸಿಕ್ಕಿದ್ದು ನಿದ್ದೆಯಲ್ಲಿ, ಕನಸಿನ ಮೂಲಕ. ಮಲಗಿರುವ ಜೋಸೆಫರ ಪ್ರತಿಮೆಯೊಂದನ್ನು ಪೋಪ್ ಫ್ರಾನ್ಸಿಸ್ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಏನಾದರೂ ತೊಡಕು ಬಂದರೆ ಚೀಟಿಯಲ್ಲಿ ಬರೆದು ಅದರಡಿ ಇಡುತ್ತೇನೆ ಎಂದು 2015ರ ಜನವರಿಯಲ್ಲಿ ಮನಿಲಾದಲ್ಲಿ ಸೇರಿದ್ದ ಕುಟುಂಬಗಳಿಗೆ ಹೇಳಿದ್ದರು. ಕ್ಯಾಥೊಲಿಕರಲ್ಲದವರು ಪ್ರತಿಮೆಯ ಮಾತು ಬಿಡಿ, ಚೀಟಿಯನ್ನಾದರೂ ಬರೆಯಿರಿ. ಬರೆದಿಟ್ಟು ಮಲಗಿ.

ಚೀಟಿಯಲ್ಲಿರುವುದನ್ನು ಮನುಷ್ಯರಿಗೂ ಹೇಳಬೇಕಾಗುತ್ತದೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದುದನ್ನು ಅವನ ಮಾವ ಇತ್ರೋ ನೋಡಿದ. ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಕೆಲಸ ಹಂಚಿಕೋ ಎಂದ. ಅಳಿಯ ಮಾವನ ಮಾತು ಕೇಳಿದ. ಅದೂ ಸಣ್ಣ ಪವಾಡವೇನಲ್ಲ. ನಿಮ್ಮ ಸಾಲದ ನಿಜವಾದ ಲೆಕ್ಕ ನಿಮ್ಮ ಹೆಂಡತಿಗೆ ಗೊತ್ತಿದೆಯೇ? ಇಲ್ಲದಿದ್ದರೆ ಈ ವಾರ ಹೇಳಿ. ಸಭೆಯಲ್ಲಿ ನಂಬುವ ಒಬ್ಬ ಗೆಳೆಯನಿಗೂ ಹೇಳಿ. ವಾರಗಟ್ಟಲೆ ನಿದ್ದೆಯೇ ಹತ್ತದಿದ್ದರೆ, ಬದುಕೇ ಬೇಡವೆನಿಸಿದರೆ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಲೀಯನಿಗೆ ರೊಟ್ಟಿ ಕಳುಹಿಸಿದ ದೇವರು ನಿಮಗೆ ವೈದ್ಯರನ್ನೂ ಕೊಟ್ಟಿದ್ದಾರೆ.

ಇನ್ನು ಭಾನುವಾರದ ಮಾತು. ವಿಶ್ರಾಂತಿಯ ಕಟ್ಟಳೆ ಮನೆಯ ಯಜಮಾನನೊಬ್ಬನಿಗೇ ಮೀಸಲಲ್ಲ. ಮಗ, ಮಗಳು, ಆಳುಕಾಳು, ಪರದೇಶಿ, ಎತ್ತು, ಕತ್ತೆ, ಎಲ್ಲರೂ ಅದರಲ್ಲಿ ಸೇರಿದ್ದಾರೆ. ನಮ್ಮ ಗಿರಣಿಗಳ ಕೂಲಿಕಾರರಿಗೆ ಭಾನುವಾರದ ರಜೆ ದಕ್ಕಿದ್ದಂತೂ ಚರ್ಚಿನಿಂದಲ್ಲ. ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯಲ್ಲಿ ಹೋರಾಡಿ 1890ರಲ್ಲಿ ಅದನ್ನು ಪಡೆದರು. ನಿಮ್ಮ ಕಾರು ಓಡಿಸುವವರೂ ಒಬ್ಬ ತಂದೆಯಾಗಿರಬಹುದು. ಅವರ ಧರ್ಮ ಯಾವುದೇ ಇರಲಿ, ವಾರಕ್ಕೊಂದು ದಿನ ಸಂಬಳ ಕಡಿಯದೆ ರಜೆ ಕೊಡಿ. ಅಪ್ಪ ಮಲಗಿ ಅಮ್ಮ ರಾಶಿ ಪಾತ್ರೆ ತೊಳೆಯುವುದನ್ನು ವಿಶ್ರಾಂತಿಯ ದಿನ ಎನ್ನಲಾಗದು. ಅಂದಿನ ಅಡುಗೆ ಸರಳವಾಗಿರಲಿ. ಪಾತ್ರೆಗಳನ್ನು ನೀವೂ ಮಕ್ಕಳೂ ಸೇರಿ ತೊಳೆಯಿರಿ. ಆಮೇಲೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಎಲ್ಲರೂ ಒರಗಿ.

ಸಭಾಪಾಲಕರಲ್ಲಿ, ಧರ್ಮಕೇಂದ್ರದ ಗುರುಗಳಲ್ಲಿ ಒಂದು ಕೋರಿಕೆ. ಭಾನುವಾರ ಮಧ್ಯಾಹ್ನ ಸಮಿತಿಯ ಸಭೆ ಇಡಬೇಡಿ. ಮಾತಾಡಲೇಬೇಕಿದ್ದರೆ ಆರಾಧನೆ ಮುಗಿದೊಡನೆ ಅರ್ಧ ಗಂಟೆಯಲ್ಲಿ ಮುಗಿಸಿ, ಎಲ್ಲರನ್ನೂ ಊಟದ ಹೊತ್ತಿಗೆ ಮನೆಗೆ ಕಳುಹಿಸಿ. ಕಟ್ಟಡ ನಿಧಿಯ ಲೆಕ್ಕ ಸೋಮವಾರದವರೆಗೂ ಕಾಯುತ್ತದೆ.