ಆರು ತಂತಿಯ ಮೇಲೆ ಕ್ರಿಸ್‌ಮಸ್ ಹಾಡು

ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿಗೆ ಬಿಗುವು ಎಂದರೇನೆಂದು ಪಾಠ ಹೇಳಬೇಕಾಗಿಲ್ಲ. ಹಾಸಿನ ನೂಲು ಸಡಿಲಾದರೆ ನೇಯ್ಗೆ ಕೆಡುತ್ತದೆ. ಮಿತಿಮೀರಿ ಬಿಗಿದರೆ ಎಳೆ ಹರಿಯುತ್ತದೆ. ಎರಡರ ನಡುವಿನ ಹದ ಅವರ ಕೈಗೆ ಗೊತ್ತು. ಗಿಟಾರ್ ಎಂಬ ವಾದ್ಯದ ಅರ್ಧ ಗುಟ್ಟು ಈ ಹದದಲ್ಲೇ ಇದೆ. ಆದರೂ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮನೆಗಳಲ್ಲಿ ಗಿಟಾರ್ ಇನ್ನೂ ದೂರದ ಊರಿನಿಂದ ಬಂದ ಬೀಗರಂತೆ. ಭಜನಾ ಮೇಳದ ಹಾರ್ಮೋನಿಯಂ, ತಬಲಾ, ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳ ಇವುಗಳನ್ನು ಕೇಳಿ ಬೆಳೆದ ಕಿವಿಗಳಿವು.

ಡಿಸೆಂಬರ್ ತಿಂಗಳು ಬಂತೆಂದರೆ ಶಾಲೆಗಳಲ್ಲಿ ಗ್ಯಾದರಿಂಗಿನ ಗಡಿಬಿಡಿ. ಎಂಟನೆಯ ಇಯತ್ತೆಯ ಹುಡುಗನೊಬ್ಬ ಕ್ರಿಸ್‌ಮಸ್ ಹಾಡೊಂದನ್ನು ಗಿಟಾರ್ ಮೇಲೆ ನುಡಿಸುತ್ತೇನೆಂದು ಹಟ ಹಿಡಿದನೆನ್ನೋಣ. ಅಪ್ಪ ಸಾಲದ ಕಂತಿನ ನಡುವೆಯೂ ಹಣ ಹೊಂದಿಸಿ, ಅಂಗಡಿಯಲ್ಲಿದ್ದ ಅಗ್ಗದ ಗಿಟಾರ್ ತಂದುಕೊಟ್ಟ. ಹದಿನೈದು ದಿನ ಹುಡುಗ ಒದ್ದಾಡಿದ. ಬೆರಳ ತುದಿ ಕೆಂಪಾಯಿತೇ ಹೊರತು ಸ್ವರ ಸೇರಲಿಲ್ಲ. ಗಿಟಾರ್ ಗೂಟಕ್ಕೆ ಏರಿತು. ‘ನಮ್ಮ ಹುಡುಗನಿಗೆ ಸಂಗೀತ ಹತ್ತೂದಿಲ್ಲ’ ಎಂಬ ತೀರ್ಪೂ ಹೊರಬಿತ್ತು.

ಈ ತೀರ್ಪು ಕೊಡುವ ಮೊದಲು ಪಾಲಕರು ಮಾಡಬೇಕಾದ ಒಂದು ಕೆಲಸವಿದೆ. ಅದಕ್ಕೆ ಸಂಗೀತ ಬರಬೇಕಾಗಿಲ್ಲ. ದರ್ಜಿಯ ಟೇಪು, ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಇದ್ದರೆ ಸಾಕು. ಹುಡುಗನನ್ನಲ್ಲ, ಗಿಟಾರನ್ನು ಪರೀಕ್ಷಿಸಬೇಕು.

ತಂತಿಯ ನಿಯಮಗಳನ್ನು ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ 1636ರಲ್ಲೇ ಬರೆದಿಟ್ಟಿದ್ದಾನೆ. ತಂತಿಯ ಉದ್ದ ಅರ್ಧವಾದರೆ ಕಂಪನ ಇಮ್ಮಡಿ. ಬಿಗುವು ನಾಲ್ಕು ಪಟ್ಟಾದರೆ ಕಂಪನ ಇಮ್ಮಡಿ. ತಂತಿ ದಪ್ಪವಾದಷ್ಟೂ ಕಂಪನ ಕಡಿಮೆ. ಕಂಪನ ಇಮ್ಮಡಿಯಾಯಿತು ಎಂದರೆ ಮಂದ್ರದ ಷಡ್ಜ ಮಧ್ಯದ ಷಡ್ಜವಾಯಿತು ಎಂದರ್ಥ. ಗಿಟಾರಿನ ಕುತ್ತಿಗೆಯ ಮೇಲೆ ಕೂರಿಸಿದ ಲೋಹದ ಅಡ್ಡಪಟ್ಟಿಗಳಿಗೆ ಫ್ರೆಟ್ ಎಂದು ಹೆಸರು. ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಕಂಪಿಸುವ ಉದ್ದ ಕಡಿಮೆಯಾಗಿ ಸ್ವರ ಏರುತ್ತದೆ. ಒಂದು ಸಪ್ತಕಕ್ಕೆ ಹನ್ನೆರಡು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಕಂಪನ ಸುಮಾರು 1.0595 ಪಟ್ಟು ಏರಬೇಕು. ಈ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿದರೆ ಬರುವುದು 2. ತಂತಿಯ ಉದ್ದ 650 ಮಿ.ಮೀ. ಇದ್ದರೆ ಮೊದಲ ಫ್ರೆಟ್ ಸುಮಾರು 36.5 ಮಿ.ಮೀ. ದೂರದಲ್ಲಿ, ಐದನೆಯದು 163ರಲ್ಲಿ, ಏಳನೆಯದು 216ರಲ್ಲಿ, ಹನ್ನೆರಡನೆಯದು ಸರಿಯಾಗಿ 325ರಲ್ಲಿ ಇರಬೇಕು. ಫ್ರೆಟ್‌ಗಳು ಕೆಳಗಿಳಿದಂತೆ ಒತ್ತೊತ್ತಾಗುವುದು ಇದೇ ಲೆಕ್ಕದಿಂದ.

ಮಿರಜ ಈ ಭಾಗದಿಂದ ಬಹಳ ದೂರವಿಲ್ಲ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಸಿತಾರಿನ ಪಟ್ಟಿಗಳನ್ನು ದಾರದಿಂದ ಕಟ್ಟಿರುತ್ತಾರೆ. ಸ್ವರ ತಪ್ಪಿದರೆ ಪಟ್ಟಿಯನ್ನೇ ಸರಿಸಿಕೊಳ್ಳಬಹುದು. ಗಿಟಾರಿನಲ್ಲಿ ಆ ಸೌಲಭ್ಯವಿಲ್ಲ. ಮಾಡುವಾಗ ತಪ್ಪಿದ್ದು ಕೊನೆಯವರೆಗೂ ತಪ್ಪೇ.

ಆದ್ದರಿಂದ ಕೊಳ್ಳುವಾಗಲೇ ಅಳೆಯಬೇಕು. ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯಿಂದ ಹನ್ನೆರಡನೆಯ ಫ್ರೆಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ಕೆಳಗಿನ ಕುದುರೆಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಎರಡು ಮೂರು ಮಿ.ಮೀ. ಹೆಚ್ಚಿದ್ದರೆ ಅದು ದೋಷವಲ್ಲ, ಬೇಕೆಂದೇ ಬಿಟ್ಟದ್ದು. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಹಿಗ್ಗಿ ಬಿಗುವು ಹೆಚ್ಚುತ್ತದೆ. ಆ ಏರಿಕೆಯನ್ನು ಸರಿದೂಗಿಸಲು ಅಷ್ಟು ಉದ್ದ ಬೇಕು. ಹತ್ತು ಮಿ.ಮೀ. ವ್ಯತ್ಯಾಸ ಕಂಡರೆ ಮಾತ್ರ ಆ ಗಿಟಾರನ್ನು ಅಂಗಡಿಯಲ್ಲೇ ಬಿಡುವುದು ಲೇಸು. ಅದರ ಮೇಲೆ ದೊಡ್ಡ ಕಲಾವಿದ ಕುಳಿತರೂ ಸ್ವರ ಸೇರುವುದಿಲ್ಲ.

ಎರಡನೆಯ ಅಳತೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದು. ಮಕ್ಕಳ ಬೆರಳು ನೋಯುವುದಕ್ಕೆ ಮುಖ್ಯ ಕಾರಣ ಇದೇ. ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ಉಕ್ಕಿನ ತಂತಿ ಎರಡೂವರೆ ಮಿ.ಮೀ. ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಐದಾರು ಮಿ.ಮೀ. ಎತ್ತರವಿದ್ದರೆ ಎಳೆಯ ಬೆರಳು ಸೋಲುತ್ತದೆ. ಎತ್ತರವಿದ್ದಷ್ಟೂ ಒತ್ತುವಾಗ ತಂತಿ ಹೆಚ್ಚು ಹಿಗ್ಗುವುದರಿಂದ ಸ್ವರವೂ ಏರುಪೇರಾಗುತ್ತದೆ. ನೋವಿಗೆ ನೋವು, ಅಪಸ್ವರಕ್ಕೆ ಅಪಸ್ವರ. ಉಕ್ಕಿನ ಆರು ತಂತಿಗಳು ಸೇರಿ ಸುಮಾರು 60–70 ಕಿ.ಗ್ರಾಂ. ಭಾರದಷ್ಟು ಎಳೆತವನ್ನು ಗಿಟಾರಿನ ಮೇಲೆ ಹಾಕುತ್ತವೆ. ದೊಡ್ಡ ಮನುಷ್ಯನೊಬ್ಬ ಕುತ್ತಿಗೆಗೆ ಜೋತುಬಿದ್ದಂತೆ. ನೈಲಾನ್ ತಂತಿಗಳಲ್ಲಿ ಎಳೆತ ಸುಮಾರು 40 ಕಿ.ಗ್ರಾಂ. ಹನ್ನೆರಡರ ಒಳಗಿನ ಮಕ್ಕಳಿಗೆ ನೈಲಾನ್ ತಂತಿಯ ಚಿಕ್ಕ ಗಿಟಾರೇ ಸರಿ. ಉಕ್ಕಿನ ತಂತಿಯದರ ಸದ್ದು ಜೋರು ಎಂಬ ಅಂಗಡಿಯವರ ಮಾತಿಗೆ ಮರುಳಾಗಬೇಕಾಗಿಲ್ಲ.

ಗಿಟಾರ್ ಸರಿಯಾಗಿದ್ದರೆ ಮುಂದಿನದು ಶ್ರುತಿ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಕಂಪನಗಳು ಸೆಕೆಂಡಿಗೆ 82.4, 110, 146.8, 196, 246.9 ಮತ್ತು 329.6. ಈಗ ಮೊಬೈಲ್ ಫೋನಿನಲ್ಲೇ ಶ್ರುತಿ ತೋರಿಸುವ ಆ್ಯಪ್‌ಗಳಿವೆ, ಬಳಸಲು ಅಡ್ಡಿಯಿಲ್ಲ. ಆದರೆ ಓಣಿಯಲ್ಲಿ ಪವರ್‌ಲೂಮ್‌ಗಳು ಒಟ್ಟಿಗೆ ಓಡುತ್ತಿದ್ದರೆ ಆ ಸದ್ದಿನಲ್ಲಿ ಮೊಬೈಲೂ ತಬ್ಬಿಬ್ಬಾಗುತ್ತದೆ, ಕಿವಿಯೂ ತಬ್ಬಿಬ್ಬಾಗುತ್ತದೆ. ಅಲ್ಲಿ ಪ್ರಯೋಗಶಾಲೆಯ ಹಳೆಯ ಉಪಾಯವೊಂದು ನೆರವಿಗೆ ಬರುತ್ತದೆ. ಸೊನೊಮೀಟರ್ ಪ್ರಯೋಗದಲ್ಲಿ ತಂತಿಯ ಮೇಲೆ ಮಡಚಿದ ಕಾಗದದ ಚೂರನ್ನು ಸವಾರನಂತೆ ಕೂರಿಸುತ್ತಾರಲ್ಲ, ಅದೇ. ಐದನೆಯ ತಂತಿಯ ನಡುವೆ ಅಂಥ ಒಂದು ಸಣ್ಣ ಚೂರನ್ನು ಕೂರಿಸಬೇಕು. ಆರನೆಯ, ಎಂದರೆ ಅತಿ ದಪ್ಪ ತಂತಿಯನ್ನು ಐದನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಬೇಕು. ಎರಡರ ಕಂಪನ ಒಂದೇ ಆಗಿದ್ದರೆ ಯಾರೂ ಮುಟ್ಟದ ಐದನೆಯ ತಂತಿ ತಾನೇ ನಡುಗಿ ಸವಾರ ಕುಣಿಯುತ್ತಾನೆ. ಇದೇ ಅನುನಾದ. ಒಂದಾಗಿರದಿದ್ದರೆ ಸವಾರ ಸುಮ್ಮನೆ ಕುಳಿತಿರುತ್ತಾನೆ; ಐದನೆಯ ತಂತಿಯ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿರುವಿ ಮತ್ತೆ ನೋಡಬೇಕು. ಉಳಿದ ತಂತಿಗಳಿಗೂ ಹೀಗೆಯೇ. ಎರಡನೆಯ ತಂತಿಯನ್ನು ಹೊಂದಿಸುವಾಗ ಮಾತ್ರ ಮೂರನೆಯದನ್ನು ನಾಲ್ಕನೆಯ ಫ್ರೆಟ್ಟಿನಲ್ಲಿ ಒತ್ತಬೇಕು. ಮಗ್ಗದ ಸದ್ದಿನಲ್ಲಿ ಕಿವಿಗೆ ಆಗದ ಕೆಲಸವನ್ನು ಕಣ್ಣು ಮಾಡುತ್ತದೆ. ಪುಸ್ತಕದಲ್ಲಿ ಅನುನಾದದ ಪಾಠವನ್ನು ಬಾಯಿಪಾಠ ಮಾಡಿ ಬೇಸತ್ತ ಹುಡುಗರಿಗೆ ಇದನ್ನೊಮ್ಮೆ ತೋರಿಸಿದರೆ ಸಾಕು.

ಇನ್ನು ಹಾಡು. ಒಂಟಿ ತಂತಿಯ ಮೇಲೆ ರಾಗ ನುಡಿಸುವುದಕ್ಕೆ ‘ಜಿಂಗಲ್ ಬೆಲ್ಸ್’ನಷ್ಟು ಸುಲಭದ್ದು ಬೇರಿಲ್ಲ. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಹೆಸರಿನಲ್ಲಿ 1857ರಲ್ಲಿ ಅಚ್ಚಾದ ಈ ಹಾಡಿನ ಪಲ್ಲವಿ ಷಡ್ಜದಿಂದ ಪಂಚಮದವರೆಗಿನ ಐದೇ ಸ್ವರಗಳಲ್ಲಿ ಮುಗಿಯುತ್ತದೆ. ವಿಚಿತ್ರವೆಂದರೆ ಅದರಲ್ಲಿ ಕ್ರಿಸ್‌ಮಸ್ ಎಂಬ ಮಾತೇ ಇಲ್ಲ; ಹಿಮದ ಮೇಲೆ ಕುದುರೆ ಬಂಡಿಯ ಓಟವಷ್ಟೇ.

‘ಸೈಲೆಂಟ್ ನೈಟ್’ನ ಕಥೆ ಬೇರೆ. ಅದು ಹುಟ್ಟಿದ್ದೇ ಗಿಟಾರಿನ ಜೊತೆಗೆ. ಆಸ್ಟ್ರಿಯಾ ದೇಶದಲ್ಲಿ ಸಾಲ್ಸಾಕ್ ನದಿಯ ದಂಡೆಯ ಓಬರ್ನ್‌ಡಾರ್ಫ್ ಎಂಬ ಊರು. ಅಲ್ಲಿಯ ಕಿರಿಯ ಪಾದ್ರಿ ಜೋಸೆಫ್ ಮೋರ್ 1816ರಲ್ಲಿ ಒಂದು ಕವಿತೆ ಬರೆದಿದ್ದ. 1818ರ ಡಿಸೆಂಬರ್ 24ರಂದು ಅದನ್ನು ಫ್ರಾನ್ಸ್ ಕ್ಸೇವರ್ ಗ್ರೂಬರ್ ಕೈಗೆ ಕೊಟ್ಟು, ಇಬ್ಬರು ಹಾಡುವಂತೆ, ಗಿಟಾರ್ ಜೊತೆಗಿರುವಂತೆ ಧಾಟಿ ಕೂರಿಸಲು ಕೇಳಿದ. ಗ್ರೂಬರ್ ಪಕ್ಕದ ಹಳ್ಳಿಯ ಶಾಲಾ ಮಾಸ್ತರ. ಅದೇ ದಿನ ಧಾಟಿ ಸಿದ್ಧವಾಯಿತು. ಅದೇ ರಾತ್ರಿ ಇಬ್ಬರೂ ಚರ್ಚಿನಲ್ಲಿ ಹಾಡಿದರು, ಗಿಟಾರ್ ನುಡಿಸಿದವನು ಮೋರ್. ಚರ್ಚಿನ ಆರ್ಗನ್ನಿನ ತಿದಿಯನ್ನು ಇಲಿ ಕಡಿದದ್ದರಿಂದ ಗಿಟಾರ್ ಹಿಡಿಯಬೇಕಾಯಿತು ಎಂಬ ಕಥೆ ಎಲ್ಲೆಡೆ ಇದೆ. ಕಥೆ ಸೊಗಸಾಗಿದೆ, ಆದರೆ 1854ರಲ್ಲಿ ಗ್ರೂಬರ್ ತಾನೇ ಬರೆದಿಟ್ಟ ವಿವರದಲ್ಲಿ ಇಲಿಯ ಸುಳಿವಿಲ್ಲ. ಮೋರ್‌ನ ಗಿಟಾರ್ ಹಾಲೈನ್ ಎಂಬ ಊರಿನ ಸಂಗ್ರಹಾಲಯದಲ್ಲಿ ಈಗಲೂ ಇದೆ. ಆ ಚರ್ಚು ಮಾತ್ರ ಉಳಿದಿಲ್ಲ. ನೆರೆಯ ಹೊಡೆತಕ್ಕೆ ಸಿಕ್ಕು, ಕೊನೆಗೆ ಅದನ್ನು ಕೆಡವಿದರು. ಊರನ್ನೇ ನದಿಯ ಮೇಲ್ಭಾಗಕ್ಕೆ ಸರಿಸಿದರು. ಮುಳುಗಡೆಯಿಂದ ಊರು ಬದಲಿಸಿದ ಬೀಳಗಿ ತಾಲೂಕಿನ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಂದೇ ದಿನದಲ್ಲಿ ಕೂರಿಸಿದ ಧಾಟಿಯಾದ್ದರಿಂದ ಹಿಮ್ಮೇಳ ಸರಳವಾಗಿದೆ. ಮೂರೇ ಸ್ವರಗುಚ್ಛಗಳು ಸಾಕು. ಗಿಟಾರ್ ಕಲಿಸುವವರು ಇದಕ್ಕೆ ಕಾರ್ಡ್ ಎನ್ನುತ್ತಾರೆ, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಮೊದಲನೆಯದು ಸ-ಗ-ಪ, ಎರಡನೆಯದು ಮ-ಧ-ಸ, ಮೂರನೆಯದು ಪ-ನಿ-ರಿ. ಹಾರ್ಮೋನಿಯಂ ಬಲ್ಲವರು ಈ ಮೂರನ್ನೂ ಕೂಡಿಸಿ ನೋಡಲಿ: ಏಳು ಶುದ್ಧ ಸ್ವರಗಳೂ ಬಂದುಬಿಟ್ಟವು. ಬಿಲಾವಲ್ ಥಾಟಿನ ಸ್ವರಗಳಲ್ಲಿ ನಡೆಯುವ ಹಾಡಿನ ಯಾವ ಸ್ವರಕ್ಕಾದರೂ ಇವುಗಳಲ್ಲೊಂದು ಜೊತೆ ಕೊಡುತ್ತದೆ. ಹೆಚ್ಚಿನ ಕ್ರಿಸ್‌ಮಸ್ ಹಾಡುಗಳು ಮೂರು ನಾಲ್ಕು ಕಾರ್ಡ್‌ಗಳಲ್ಲಿ ಮುಗಿಯುವ ಗುಟ್ಟು ಇದೇ.

ಪುಸ್ತಕಗಳಲ್ಲಿ ಈ ಹಾಡನ್ನು ಸಿ ಶ್ರುತಿಯಲ್ಲಿ ಕೊಟ್ಟಿದ್ದರೆ ಹೊಸಬರು ಅದನ್ನು ಬಿಡಬೇಕು. ಅಲ್ಲಿ ಎಫ್ ಎಂಬ ಕಾರ್ಡ್ ಬರುತ್ತದೆ. ಅದಕ್ಕೆ ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕು. ತಿಂಗಳುಗಟ್ಟಲೆ ಕಲಿತವರೂ ಅಲ್ಲಿ ಎಡವುತ್ತಾರೆ. ಎ ಶ್ರುತಿಗೆ ಬದಲಿಸಿಕೊಂಡರೆ ಬೇಕಾದದ್ದು ಎ, ಡಿ ಮತ್ತು ಇ-7, ಮೂರೂ ಸುಲಭ. ಲಯಕ್ಕೆ ದಾದ್ರಾ ತಾಳವನ್ನು ನೆನೆದರಾಯಿತು. ಆರು ಮಾತ್ರೆ, ಮೂರು ಮೂರರ ಎರಡು ಭಾಗ. ಪ್ರತಿ ಮೂರರಲ್ಲೂ ಮೊದಲ ಮಾತ್ರೆಗೆ ಹೆಬ್ಬೆರಳಿನಿಂದ ದಪ್ಪ ತಂತಿ, ಉಳಿದೆರಡಕ್ಕೆ ಬೆರಳುಗಳಿಂದ ತೆಳು ತಂತಿಗಳು. ಹಾಡಿನ ಬಹುಭಾಗದಲ್ಲಿ ಆರು ಮಾತ್ರೆಗಳಿಗೆ ಮೊದಲು ಕಾರ್ಡ್ ಬದಲಾಗುವುದಿಲ್ಲ. ನಿಧಾನ ಗತಿ ಬೇರೆ. ಎಡಗೈ ಬೆರಳುಗಳಿಗೆ ಮುಂದಿನ ಜಾಗ ಹುಡುಕಿಕೊಳ್ಳಲು ಸಾಕಷ್ಟು ಸಮಯ ಸಿಗುತ್ತದೆ. ರಾಗವನ್ನು ಹುಡುಗರು ಹಾಡಲಿ, ಗಿಟಾರ್ ಜೊತೆಗಿರಲಿ. ಈ ಹಾಡಿನ ರಾಗ ಕೆಳ ಷಡ್ಜದಿಂದ ಮೇಲಿನ ಮಧ್ಯಮದವರೆಗೆ ಹಬ್ಬಿದೆ. ಅದನ್ನು ತಂತಿಯ ಮೇಲೆ ನುಡಿಸುವುದು ಎರಡನೆಯ ವರ್ಷದ ಕೆಲಸ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಒಂದೇ ಸಲ ಮೂರು ತಾಸು ಕೂರುವುದರಿಂದ ಬೆರಳು ಊದಿಕೊಳ್ಳುತ್ತದೆಯೇ ವಿನಾ ಕಲಿಕೆ ಏರುವುದಿಲ್ಲ. ಎಡಗೈ ಉಗುರು ಕತ್ತರಿಸಿರಬೇಕು. ಬೆರಳನ್ನು ಫ್ರೆಟ್ಟಿನ ಮೇಲಲ್ಲ, ಅದಕ್ಕೆ ತಾಗುವಷ್ಟು ಹಿಂದೆ ಒತ್ತಬೇಕು. ಕಡಿಮೆ ಬಲದಲ್ಲಿ ಸ್ವರ ಸ್ವಚ್ಛವಾಗಿ ಬರುತ್ತದೆ. ಎರಡು ಮೂರು ವಾರಗಳಲ್ಲಿ ಬೆರಳ ತುದಿಯ ಚರ್ಮ ಗಟ್ಟಿಯಾಗುತ್ತದೆ. ನೂಲು ಹಿಡಿದು ಹಿಡಿದು ಗಟ್ಟಿಯಾದ ಕೈಗಳನ್ನು ಮನೆಯಲ್ಲೇ ಕಂಡ ಮಕ್ಕಳು ಇದಕ್ಕೆ ಹೆದರಲಾರರು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಡಿಸೆಂಬರಿನಲ್ಲಿ ಹೊಸದಾಗಿ ಶುರುಮಾಡುವುದು ಮಾತ್ರ ಬೇಡ. ಜೂನ್‌ನಲ್ಲಿ ಹಿಡಿದವರಿಗೆ ಡಿಸೆಂಬರ್ ಹೊರೆಯಾಗದು.

ಗ್ಯಾದರಿಂಗಿನ ದಿನಕ್ಕೆ ಇನ್ನೊಂದು ಎಚ್ಚರಿಕೆ. ಮೀಟುತ್ತಿರುವಾಗಲೇ ಉಕ್ಕಿನ ತಂತಿಯೊಂದನ್ನು ಬೆರಳಿನಿಂದ ಹತ್ತಿಪ್ಪತ್ತು ಸಲ ಜೋರಾಗಿ ಉಜ್ಜಿ ಮತ್ತೆ ಮೀಟಿದರೆ ಸ್ವರ ಇಳಿದಿರುತ್ತದೆ. ಬಿಸಿಯಾದ ಉಕ್ಕು ಹಿಗ್ಗಿ ಬಿಗುವು ಸಡಿಲುತ್ತದೆ. ಚಳಿಯ ಸಂಜೆ ಹೊರಗೆ ನಿಂತು ಶ್ರುತಿ ಮಾಡಿಕೊಂಡ ಗಿಟಾರ್, ವೇದಿಕೆಯ ದೊಡ್ಡ ದೀಪಗಳ ಕೆಳಗೆ ಐದು ನಿಮಿಷದಲ್ಲೇ ಬೇರೆ ಮಾತಾಡುತ್ತದೆ. ಪರದೆ ಏಳುವ ಮೊದಲು, ದೀಪದ ಕೆಳಗೇ ನಿಂತು, ಇನ್ನೊಮ್ಮೆ ಕಾಗದದ ಸವಾರನನ್ನು ತಂತಿಯ ಮೇಲೆ ಕೂರಿಸಿ ನೋಡಿಕೊಳ್ಳಬೇಕು.